ಅವರ ಏಕಾದಶಿ, ನಮ್ಮ ದಶಮಿ

ಹೆಣ್ಣು ನೋಡಲು ತೋಟಕ್ಕೆ ಬರುವ ರೂಢಿ ನಮ್ಮ ಜನರಲ್ಲಿ ಇರಲಿಲ್ಲ. ಅದು ನನ್ನ ಬಾಯಿಯಿಂದ ಆದ ಕೆಲಸ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ರಾಯಚೂರಿನಲ್ಲಿ ಸಸ್ಯಶಾಸ್ತ್ರ ಓದಿ ಪದವಿ ಮುಗಿಸಿ, ಮಾನ್ವಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅಪ್ಪ ಅದೇ ಊರಿನಲ್ಲಿ ಕನ್ನಡ ಶಾಲೆಯ ಮಾಸ್ತರರು, ಬೆಳಿಗ್ಗೆ ಸಂಜೆ ಗುಡಿಯ ಪೂಜೆ. ನನ್ನನ್ನು ಮನೆಗೆ ಬಂದು ನೋಡಿ ಹೋದವರು ಬೇಕಾದಷ್ಟು ಜನ. ನೋಡಿ ಹೋದ ಮೇಲೆ ಎಂಟು ದಿನ ಓಣಿಯ ಕಟ್ಟೆಗಳೆಲ್ಲ ನನ್ನನ್ನೇ ಕೇಳುತ್ತಿದ್ದವು, "ಏನಾತವಾ, ಒಪ್ಪಿದ್ರೇನು?" ಒಪ್ಪಿದವರು ಕೆಲಸ ಬಿಡು ಎನ್ನುತ್ತಿದ್ದರು, ಕೆಲಸ ಇರಲಿ ಎಂದವರು ಒಪ್ಪುತ್ತಿರಲಿಲ್ಲ. ಒಂದು ದಿನ ನನಗೂ ತಲೆ ಕೆಟ್ಟುಹೋಯಿತು. "ಇನ್ನ ಈ ಮನ್ಯಾಗ ಉಪ್ಪಿಟ್ಟಿನ ತಾಟು ಹಿಡಕೊಂಡು ನಾ ಹೊರಗ ಬರಂಗಿಲ್ಲ. ಯಾರರ ಬಂದ್ರ ಅವರ ಮುಂದ ನೀವ ಕೂಡ್ರಿ" ಎಂದುಬಿಟ್ಟೆ.

ಅವ್ವ ನನ್ನ ಮಾತಿಗೆ ಸಿಟ್ಟಿಗೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಸ್ವಲ್ಪ ಹೊತ್ತು ಅಕ್ಕಿ ಆರಿಸುತ್ತ ಕುಳಿತಿದ್ದು, "ಹಂಗಾದ್ರ ಹೊರಗ ತೋರಸೋಣು" ಎಂದಳು. ಓಣಿಯವರ ಬಾಯಿ ಅವಳಿಗೂ ಸಾಕಾಗಿತ್ತು.

ಆ ಹೊತ್ತಿಗೆ ದೇವದುರ್ಗದ ಸಂಬಂಧ ಬಂದಿತ್ತು. ಅದನ್ನು ತಂದವನು ಅವ್ವನ ಚಿಕ್ಕಪ್ಪನ ಮಗ, ರಾಯಚೂರಿನ ಕೋರ್ಟಿನಲ್ಲಿ ಗುಮಾಸ್ತ. ನಾನು ಅವನನ್ನು ಮಾಮಾ ಎನ್ನುತ್ತಿದ್ದೆ. ವರ ದೇವದುರ್ಗದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಒಬ್ಬನೇ ಮಗ. "ಹುಡುಗಿ ಸಾಲಿಗೆ ಹೋಗೋದು ಬಿಡಬೇಕಾಗಿಲ್ಲ, ದೇವದುರ್ಗದಾಗೂ ಹೆಣ್ಣುಮಕ್ಕಳ ಸಾಲಿ ಅದ" ಎಂದು ವರ ತಾನೇ ಹೇಳಿ ಕಳಿಸಿದ್ದ. ಯಾರೂ ಕೇಳದೇ ಇಂಥ ಮಾತು ಹೇಳಿದ ಗಂಡಸನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನನಗೆ ಈ ಸಂಬಂಧ ಬೇಕಾಗಿತ್ತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಆದರೆ ಬೇಕಾಗಿತ್ತು, ಮುಖ ನೋಡುವ ಮೊದಲೇ ಬೇಕಾಗಿತ್ತು.

ಮಾಮಾ ಉಪಾಯ ಹೇಳಿದ. ರಾಯಚೂರಿನ ದೊಡ್ಡ ತೋಟಕ್ಕೆ ಎರಡೂ ಕಡೆಯವರು ಬರುವುದು. ನಮಗೂ ಒಂದು ಬಸ್ಸಿನ ಹಾದಿ, ಅವರಿಗೂ ಒಂದು ಬಸ್ಸಿನ ಹಾದಿ. ಕೇಳಿದವರಿಗೆ ತೋಟ ನೋಡಲು ಹೋಗಿದ್ದೆವು ಎಂದರಾಯಿತು. ರವಿವಾರ ಗೊತ್ತಾಯಿತು. ಆ ದಿನ ದಶಮಿ ಎಂದು ಅವ್ವ ಪಂಚಾಂಗ ನೋಡಿಯೇ ಒಪ್ಪಿದಳು. ದಶಮಿಗೆ ನಮ್ಮಲ್ಲಿ ಒಂದೇ ಹೊತ್ತು ಊಟ, ಮರುದಿನ ಏಕಾದಶಿ, ನೀರೂ ಇಲ್ಲದ ಉಪವಾಸ. ಹಾಗಾಗಿ ಆ ಒಂದು ಊಟವನ್ನು ಕಟ್ಟಿಕೊಂಡು ಹೋಗಿ ಬೀಗರಾಗುವವರ ಜೊತೆ ತೋಟದಲ್ಲಿಯೇ ಮಾಡುವುದು ಎಂದಾಯಿತು. ಅನ್ನ ಬಸ್ಸಿನಲ್ಲಿ ಒಯ್ದರೆ ಅವರು ಮುಟ್ಟಲಿಕ್ಕಿಲ್ಲ ಎಂದು ಅವಲಕ್ಕಿ. ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲಿ ನಾನೇ ಒಗ್ಗರಣೆ ಹಾಕಿದೆ. ಶೇಂಗಾ, ಕರಿಬೇವು, ಹಸಿಮೆಣಸಿನಕಾಯಿ, ಕೈ ಬಿಚ್ಚಿ ಅರಿಷಿಣ. ಅವ್ವ ಬೇಸನ್ ಉಂಡಿ ಕಟ್ಟಿದಳು. ಎಲ್ಲ ಸೇರಿ ದೊಡ್ಡದೊಂದು ಸ್ಟೀಲಿನ ಡಬ್ಬಿ ತುಂಬಿತು.

ಸಿಂಧನೂರಿನಿಂದ ಬರುವ ಬಸ್ಸು ಪೋತ್ನಾಳದಲ್ಲಿಯೇ ತುಂಬಿಕೊಂಡು ಬಂದಿತ್ತು. ಡಬ್ಬಿಗೆ ಯಾರ ಕಾಲೂ ತಾಕಬಾರದೆಂದು ಅಪ್ಪ ಅದನ್ನು ರಾಯಚೂರಿನವರೆಗೂ ತೊಡೆಯ ಮೇಲೆ ಇಟ್ಟುಕೊಂಡರು. ಅವ್ವ ನಿಂತೇ ಬಂದಳು. ಕಂಡಕ್ಟರ್ ಎರಡು ಸಲ "ಯಪ್ಪಾ, ಆ ಡಬ್ಬಿ ಮ್ಯಾಲಿಡ್ರಿ, ಯವ್ವ ಕುಂದರ್ಲಿ" ಎಂದ. ಅಪ್ಪ ಕೇಳಿಸಿದರೂ ಕೇಳಿಸಿಕೊಳ್ಳಲಿಲ್ಲ.

ಆ ತೋಟ ನನಗೆ ಹೊಸದಲ್ಲ. ಕಾಲೇಜಿನಲ್ಲಿದ್ದಾಗ ನಮ್ಮನ್ನು ಎಲೆ ಹೂ ಗುರುತಿಸಲು ಅಲ್ಲಿಗೇ ಕರೆದೊಯ್ಯುತ್ತಿದ್ದರು. ಊರಿನವರು ಅದನ್ನು ಬಾಗ್ ಎನ್ನುತ್ತಿದ್ದರು. ಮುಂದಿನ ಅರ್ಧ ಎಲ್ಲ ಪೇಟೆಗಳಲ್ಲಿ ಇರುವಂಥದ್ದೇ. ಹುಲ್ಲು, ಸಿಮೆಂಟಿನ ಬೆಂಚು, ನೀರು ಬಾರದ ಕಾರಂಜಿ, ಜಾಲರಿಯೊಳಗೆ ನಾಲ್ಕಾರು ಮೊಲ. ಹಿಂದಿನ ಅರ್ಧದಲ್ಲಿ ಮಾತ್ರ ಯಾರೋ ಹಿಂದೆ ಆಸ್ಥೆಯಿಂದ ನೆಟ್ಟ ಮರಗಳಿದ್ದವು. ಒಂದೊಂದಕ್ಕೂ ಕಪ್ಪು ತಗಡಿನ ಮೇಲೆ ಬಿಳಿ ಬಣ್ಣದಲ್ಲಿ ಹೆಸರು: ಮೇಲೆ ಲ್ಯಾಟಿನ್, ಕೆಳಗೆ ಕನ್ನಡ, ಅದರ ಕೆಳಗೆ ಅಳಿಸಿದ ಉರ್ದು. ನಮ್ಮ ವರ್ಗದ ಹುಡುಗರು ಒಮ್ಮೆ ಪರೀಕ್ಷೆಯ ಹಿಂದಿನ ದಿನ ಹಲವು ತಗಡುಗಳನ್ನು ಅದಲುಬದಲು ಮಾಡಿದ್ದರು. ಯಾರೂ ಅವನ್ನು ಸರಿಪಡಿಸಿರಲಿಲ್ಲ. ಬೇವಿನ ಮರವೊಂದು ಆ ದಿನವೂ ಬಾದಾಮಿ ಎಂಬ ಹೆಸರಿನಲ್ಲಿಯೇ ನಿಂತಿತ್ತು. ಆ ಬಿಸಿಲಿನ ಊರಿನಲ್ಲಿ ಅಷ್ಟು ನೆರಳು ಇನ್ನೆಲ್ಲೂ ಇರಲಿಲ್ಲ. ಹಾಗಾಗಿ ರವಿವಾರ ಅರ್ಧ ಊರು ಅಲ್ಲಿರುತ್ತಿತ್ತು. ಯಾರಾದರೂ ಗಿಡದ ಹತ್ತಿರ ಬಗ್ಗಿದರೆ ಸಾಕು, ಕಾವಲುಗಾರ ದೂರದಿಂದಲೇ "ಫೂಲ್ ನಕ್ಕೋ ತೋಡೋ!" ಎಂದು ಹೂ ಕೀಳದಂತೆ ಗದರುತ್ತಿದ್ದ.

ಮಾಮಾ ನಮಗಿಂತ ಮೊದಲೇ ಬಂದು ಮಳೆಮರದ ಕೆಳಗೆ ಜಮಖಾನೆ ಹಾಸಿ ಕುಳಿತಿದ್ದ. ಸ್ವಲ್ಪ ಹೊತ್ತಿಗೆ ದೇವದುರ್ಗದವರು ಬಂದರು. ತಂದೆ, ತಾಯಿ, ಮಗ, ಮೂವರೇ. ತಂದೆ ಕಂದಾಯದ ಲೆಕ್ಕ ಬರೆದು ನಿವೃತ್ತರಾದ ತಲಾಠಿ, ನಗುಮುಖದ ಮನುಷ್ಯ. ತಾಯಿ ಎತ್ತರದ ಗಟ್ಟಿ ಹೆಂಗಸು, ಕಚ್ಚೆ ಸೀರೆ, ಯಾವುದನ್ನು ನೋಡಿದರೂ ಎರಡು ಸಲ ನೋಡುವವರು. ಮಗ ತೆಳ್ಳಗೆ ಬೆಳ್ಳಗೆ, ಕನ್ನಡಕ. ಮುಖ ಬಾಡಿತ್ತು. ಬಸ್ಸಿನಲ್ಲಿ ನಿಂತು ಬಂದಿರಬೇಕು ಎಂದುಕೊಂಡೆ.

ನಮಸ್ಕಾರ, ಕುಶಲ ಎಲ್ಲ ಆಯಿತು. ಪಕ್ಕದ ಹುಲ್ಲಿನ ಮೇಲೆ ಮುಸಲ್ಮಾನರ ದೊಡ್ಡ ಸಂಸಾರವೊಂದು ಬಿರಿಯಾನಿಯ ಹಂಡೆ ಬಿಚ್ಚಿತು. ಅದರ ವಾಸನೆಗೆ ವರನ ತಾಯಿ ಎದ್ದು ನಿಂತರು, ನಾವೆಲ್ಲ ಜಮಖಾನೆ ಎತ್ತಿಕೊಂಡು ಇನ್ನೊಂದು ಮರಕ್ಕೆ ಹೋದೆವು. ಅಲ್ಲಿ ಕುಳಿತ ಮೇಲೆ ಅವ್ವ ಉತ್ಸಾಹದಿಂದ ಡಬ್ಬಿಯ ಮುಚ್ಚಳ ತೆಗೆದು, "ಬಿಸಲಾಗ ಬಂದೀರಿ, ಮದಲ ಒಂದೀಟು ಫಳಾರ ಮಾಡ್ರಿ, ಮಾತು ಆಮ್ಯಾಲ" ಎಂದಳು.

ವರನ ತಾಯಿ ಡಬ್ಬಿಯನ್ನು ನೋಡಿದರು. ಮತ್ತೊಮ್ಮೆ ನೋಡಿದರು. "ಇವತ್ತ ಏಕಾದಶಿ" ಎಂದರು.

ಅವ್ವ ನಕ್ಕಳು. "ನಾಳೆ ಅಲ್ರೀ? ಇವತ್ತ ದಶಮಿ."

"ನಾವು ಮುಂಜಾನಿಂದ ಹನಿ ನೀರು ಮುಟ್ಟಿಲ್ರೀ, ಯವ್ವಾ. ದಶಮಿ ಆಗಿದ್ರ ಮುಟ್ಟತಿದ್ವಿ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎರಡೂ ಮನೆಯವರು ವೈಷ್ಣವರೇ, ಆದರೆ ಮಠ ಬೇರೆ ಬೇರೆ. ಮಠಕ್ಕೊಂದು ಪಂಚಾಂಗ, ಪಂಚಾಂಗಕ್ಕೊಂದು ಲೆಕ್ಕ. ವರ್ಷವೆಲ್ಲ ಎರಡೂ ಹೊಂದಿಕೊಂಡು ಹೋಗುತ್ತವೆ. ಯಾವಾಗಲೋ ಒಮ್ಮೆ ಬೆಳಗಿನ ಜಾವಕ್ಕೆ ದಶಮಿ ಚೂರು ಉಳಿದಿತ್ತು ಎಂದು ಒಂದು ಲೆಕ್ಕ ಹೇಳುತ್ತದೆ, ಉಳಿದಿರಲಿಲ್ಲ ಎಂದು ಇನ್ನೊಂದು. ಉಳಿದಿತ್ತು ಎನ್ನುವವರ ಉಪವಾಸ ಒಂದು ದಿನ ಮುಂದೆ ಹೋಗುತ್ತದೆ. ಆ ಸಲ ಹೋಗಿದ್ದು ನಮ್ಮದು. ಮಾಮಾ ದಿನ ಗೊತ್ತುಮಾಡುವಾಗ ನಮ್ಮ ಮನೆಯ ಗೋಡೆಗಿದ್ದ ಪಂಚಾಂಗವನ್ನಷ್ಟೇ ನೋಡಿದ್ದ. ಅವನ ಸ್ವಂತಕ್ಕಂತೂ ಎರಡೂ ದಿನ ಏಕಾದಶಿ ಇರುತ್ತಿರಲಿಲ್ಲ. ಕೋರ್ಟಿನ ಎದುರಿನ ಹೋಟೆಲಿನಲ್ಲಿ ಅವನ ಎಲ್ಲ ತಿಥಿಗಳೂ ಒಂದೇ.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಅವನು ಹಣೆ ಬಡಿದುಕೊಂಡ. ಅವ್ವನ ಮುಖ ಬಿಳಿಚಿಕೊಂಡಿತು. ಉಪವಾಸ ಇದ್ದವರ ಮುಂದೆ ಅವಲಕ್ಕಿ ಬಿಚ್ಚಿಟ್ಟು ಉಣ್ಣಿರಿ ಎಂದಾಗಿತ್ತು. ಇನ್ನು ಅಪ್ಪ ಮತ್ತು ವರನ ತಂದೆ ಮಾತ್ರ ಬೇರೆಯೇ ಲೋಕಕ್ಕೆ ಹೋಗಿದ್ದರು. "ಅರುಣೋದಯಕ್ಕ ಎಷ್ಟು ಘಳಿಗಿ ಇತ್ತು ಅಂತೀರಿ ನೀವು?" ಎಂದು ಒಬ್ಬರು, "ನಿಮ್ಮ ಲೆಕ್ಕ ತಪ್ಪಲ್ರಿ, ಹಳೇದು" ಎಂದು ಇನ್ನೊಬ್ಬರು. ಇಬ್ಬರೂ ಕಡ್ಡಿ ಹಿಡಿದು ಮಣ್ಣಿನ ಮೇಲೆ ಬರೆಯತೊಡಗಿದರು. ತಾವು ಬಂದದ್ದು ಯಾಕೆ ಎಂಬುದೇ ಅವರಿಗೆ ಮರೆತಿತ್ತು. ನೋಡಿದರೆ ಹಳೇ ಗೆಳೆಯರು ಅನ್ನಬೇಕು.

ವರನ ತಾಯಿಗೆ ಮರೆತಿರಲಿಲ್ಲ. ಅವರು ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿದ್ದರು. ಅವ್ವ ನನಗೆ ಸಣ್ಣ ದನಿಯಲ್ಲಿ, "ಇದನ್ನ ಎಲ್ಯರ ದೂರ ಒಯ್ದಿಡು, ವಾಸನಿ ಬರ್ತದ" ಎಂದಳು. ನಾನು ಡಬ್ಬಿ ಎತ್ತಿಕೊಂಡೆ. ಮಾಮಾನಿಗೆ ಜೀವ ಬಂತು. "ಮಾಸ್ತರ್, ಡಬ್ಬಿ ಭಾಳ ಭಾರ ಅದ, ನೀವೂ ಕೈ ಹಚ್ಚರಿ. ಹಂಗ ಹಿಂದಿನ ಗಿಡಾ ನೋಡಕೊಂಡ ಬರ್ರಿ, ಆಕಿ ಅದನ್ನ ಓದ್ಯಾಳ" ಎಂದ. ತಾಯಿ ಬೇಡ ಎನ್ನಲಿಲ್ಲ. ಹೀಗೆ ನಾವಿಬ್ಬರೂ ಡಬ್ಬಿಯ ಒಂದೊಂದು ಕಿವಿ ಹಿಡಿದುಕೊಂಡು ಹೊರಟೆವು.

ದಾರಿಯಲ್ಲಿ ಅವರೇ ಮೊದಲು ಮಾತಾಡಿದರು. "ಈ ಬೇವಿಗೆ ಬಾದಾಮಿ ಅಂತ ಬರದಾರಲ್ಲ?"

"ನಮ್ಮ ವರ್ಗದವರದು ಆ ಕೆಲಸ."

"ನೀವೂ ಇದ್ರೇನು?"

"ಇರಲಿಲ್ಲ. ಇದ್ದಿದ್ರ ಇನ್ನೂ ಛಲೋ ಮಾಡತಿದ್ದೆ."

ಅವರು ಜೋರಾಗಿ ನಕ್ಕರು. ನನ್ನನ್ನು ನೋಡಲು ಬಂದ ಯಾರೂ ನನ್ನ ಮಾತಿಗೆ ನಕ್ಕಿರಲಿಲ್ಲ. ಅಡುಗೆ ಬರುತ್ತದೆಯೇ, ಹಾಡು ಬರುತ್ತದೆಯೇ ಎಂದು ಕೇಳಿದವರೇ ಎಲ್ಲರೂ. ಇವರು ಕೇಳಿದ್ದು, ಎಂಟನೆಯ ವರ್ಗದ ಹುಡುಗಿಯರಿಗೆ ಬೇರು ನೀರು ಎಳೆಯುವುದನ್ನು ಹೇಗೆ ತೋರಿಸುತ್ತೀರಿ ಎಂದು. ಕರ್ಣಕುಂಡಲ ಗಿಡದ ಬಿಳಿ ದಂಟನ್ನು ಕೆಂಪು ಮಸಿಯ ನೀರಿನಲ್ಲಿ ಇಟ್ಟು ತೋರಿಸುತ್ತೇನೆ ಎಂದೆ. "ನಾ ಮಸಿ ಕಾಗದಕ್ಕಷ್ಟ ಅಂತ ತಿಳದಿದ್ದೆ ನೋಡ್ರಿ" ಎಂದರು. ಕೆಲಸ ಬಿಡಬೇಡಿ ಎಂದದ್ದು ನಿಜವೇ ಎಂದು ನಾನು ನೇರವಾಗಿಯೇ ಕೇಳಿದೆ. "ಖರೇನ. ನಿಮ್ಮ ಸಾಲಿ ಬಿಡಿಸಿ ನಾ ಏನ ಮಾಡ್ಲಿ?" ಎಂದರು. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಇನ್ನೇನು ಬೇಕು ಅನಿಸಿತು.

ತೋಟದ ಕೊನೆಯಲ್ಲಿ ಜರಿಗಿಡಗಳನ್ನು ಬೆಳೆಸುವ ನೆರಳುಮನೆ ಇತ್ತು. ತೆಂಗಿನ ಗರಿಯ ಮಾಡು, ಒಳಗೆ ತಂಪು, ಒಂದು ನಲ್ಲಿ. ಅಲ್ಲಿ ಡಬ್ಬಿ ಇಟ್ಟೆವು. ತಿರುಗಿ ಹೊರಡಬೇಕು, ಅವರು ನಿಂತೇ ಇದ್ದರು. ಡಬ್ಬಿಯನ್ನು ನೋಡುತ್ತಿದ್ದರು.

"ಅವಲಕ್ಕಿ ಯಾರ ಮಾಡ್ಯಾರ?"

"ನಾನ."

"ಶೇಂಗಾ ಹಾಕೀರಿ."

"ಹೂಂ."

"ನಸುಕಿನ್ಯಾಗ ಎದ್ದೀನ್ರಿ. ಗಬ್ಬೂರ ದಾಟೂದ್ರಾಗ ಕಣ್ಣಿಗೆ ಕತ್ತಲಿ ಬಂತು." ಅವರ ಗಂಟಲು ಆಡುವುದು ಕಾಣುತ್ತಿತ್ತು.

ನಾನು ಮುಚ್ಚಳ ತೆಗೆದೆ. ಬಾಳೆಯ ಜಾತಿಯ ಗಿಡವೊಂದರ ಎಲೆ ಹರಿದು ಅದರ ಮೇಲೆ ಅವಲಕ್ಕಿ ಹಾಕಿ, ಎರಡು ಉಂಡಿ ಇಟ್ಟು ಕೊಟ್ಟೆ. ಅವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ತಿಂದರು. ಆಹಾ, ಏನು ತಿಂದರು! ಮತ್ತೆ ಹಾಕಿದೆ, ಮತ್ತೆ ತಿಂದರು. "ಇದನ್ನ ದಿನಾ ಮಾಡತೀರೇನು?" ಎಂದು ಬಾಯಿ ತುಂಬಿಕೊಂಡೇ ಕೇಳಿದರು. "ಏಕಾದಶಿಗಷ್ಟ" ಎಂದೆ. ತುತ್ತು ನೆತ್ತಿಗೇರಿ ಕೆಮ್ಮಿದರು, ಇಬ್ಬರೂ ನಕ್ಕೆವು. ನಲ್ಲಿಗೆ ಬಾಯಿ ಹಚ್ಚಿ ನೀರು ಕುಡಿದರು. ಆಗಲೇ ಹೊರಗೆ ಮಾಮಾ ಕೂಗುವ ಸದ್ದು ಕೇಳಿ, ಗಡಬಡಿಸಿ ಕೈಯನ್ನು ಧೋತರದ ಅಂಚಿಗೆ ಒರೆಸಿಕೊಂಡು ಎದ್ದರು. ಏಕಾದಶಿ ಮುರಿದದ್ದು ನನಗೆ ದೊಡ್ಡದು ಅನಿಸಲಿಲ್ಲ. ಹಸಿದಿದ್ದರು, ತಿಂದರು. ನಾನು ಬಡಿಸಿದ್ದನ್ನು ತಿಂದರು. ಒಂದು ಗುಟ್ಟು ನಮ್ಮಿಬ್ಬರದಾಯಿತಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಗಿತ್ತು. ಆಗಲೇ ಅವರು ನನ್ನವರು ಅನಿಸಿಬಿಟ್ಟಿತ್ತು.

ನಾವು ಮರದ ಹತ್ತಿರ ಬರುವಷ್ಟರಲ್ಲಿ ಗಾಳಿ ಬದಲಾಗಿತ್ತು. ಗಂಡಸರ ಲೆಕ್ಕ ನಿಂತಿತ್ತು. ವರನ ತಾಯಿ ಎದ್ದು ನಿಂತಿದ್ದರು, ಅವ್ವ ಜಮಖಾನೆಯ ಅಂಚಿನಲ್ಲಿ ಕೈ ಹಿಸುಕಿಕೊಳ್ಳುತ್ತಿದ್ದಳು.

"ತಪ್ಪಾತು ಅಂದ್ನಲ್ರಿ" ಎನ್ನುತ್ತಿದ್ದಳು ಅವ್ವ. "ಮದುವಿ ಆದಮ್ಯಾಲ ನಿಮ್ಮ ಪಂಚಾಂಗನ ಆಕಿ ಪಂಚಾಂಗ. ನೀವು ಎಂದ ಅಂತೀರಿ, ಅಂದ ಆಕಿಗೆ ಏಕಾದಶಿ."

"ಪಂಚಾಂಗದ ಮಾತಲ್ರಿ ಇದು. ಬೀಗರ ಮಠ ಯಾವುದು, ಅವರಿಗೆ ಇವತ್ತ ಏನು ಅಂತ ಒಂದ ಮಾತು ಕೇಳಿ ಬರಬೇಕಿತ್ತು. ಕೇಳೋದು ಆಚಾರ. ಅದ ಇಲ್ಲಂದ್ರ ಏನದ?" ಅವರು ಮಗನ ಕಡೆ ತಿರುಗಿದರು. "ನೀ ಹೇಳಪಾ. ನಾಳೆ ಬಾಳೇ ಮಾಡಾಂವ ನೀನು. ನಿನಗ ನಡೀತದೇನು?"

ನಾನು ವರನ ಮುಖ ನೋಡಿದೆ. ಎರಡೇ ಮಾತು ಸಾಕಿತ್ತು. ಇರಲಿ ಬಿಡವಾ ಎಂದಿದ್ದರೆ ಮುಗಿಯುತ್ತಿತ್ತು. ನನಗೇನೂ ಗೊತ್ತಿಲ್ಲ, ನೀನೇ ನೋಡು ಎಂದಿದ್ದರೂ ಮುಗಿಯುತ್ತಿತ್ತು. ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ನೆಲ ನೋಡುತ್ತ, "ಆಚಾರ ಇಲ್ಲದ ಮನಿ ನನಗೂ ಬ್ಯಾಡವಾ" ಎಂದರು.

ನನ್ನ ಮೈಯೆಲ್ಲ ಉರಿದು ಹೋಯಿತು. ಅಪ್ಪ ತಲೆ ತಗ್ಗಿಸಿದ್ದರು, ಅವ್ವ ಸೆರಗು ಬಾಯಿಗೆ ಹಿಡಿದಿದ್ದಳು. ನಾನು ಯೋಚಿಸಿ ಮಾತಾಡಲಿಲ್ಲ. ಮನೆಗೆ ಬಂದವರಿಗೆ ಹೇಳುವ ದನಿಯಲ್ಲಿಯೇ ಹೇಳಿದೆ, "ಕೈ ತೊಳಕೊಂಡ ಬರ್ರಿ. ಅರಿಷಿಣ ಹಂಗ ಅದ."

ವರನ ತಾಯಿ ಮಗನ ಹಿಂದಕ್ಕೆ ಹೋಗಿ ಬಲಗೈ ಹಿಡಿದು ಎಳೆದುಕೊಂಡು ಅಂಗೈ ಮೇಲೆ ಮಾಡಿದರು. ಬೆರಳಿನ ತುದಿಗಳೆಲ್ಲ ಹಳದಿ. ಒಂದು ಉಗುರಿನ ಸಂದಿಯಲ್ಲಿ ಕರಿಬೇವಿನ ಚೂರೂ ಇತ್ತು. ಅವರು ಬಯ್ಯುತ್ತಾರೆ, ಹೊಡೆದರೂ ಹೊಡೆದಾರು ಎಂದುಕೊಂಡೆ. ಅವರು ಆ ಕೈಯನ್ನು ಸುಮಾರು ಹೊತ್ತು ಹಿಡಿದುಕೊಂಡೇ ನಿಂತರು. ಆಮೇಲೆ ಮಗನನ್ನಲ್ಲ, ನನ್ನನ್ನು ಕೇಳಿದರು.

"ಹೊಟ್ಟಿ ತುಂಬ ತಿಂದನೇನು?"

"ತಿಂದ್ರು."

"ನೀರು?"

"ಕುಡದ್ರು."

ಅವರು ಪಕ್ಕದ ಬೆಂಚಿನ ಮೇಲೆ ಕುಳಿತುಬಿಟ್ಟರು. "ಸಣ್ಣಾಂವ ಇದ್ದಾಗಿಂದ ಹಿಂಗ. ಹಸಿವಿ ತಡಿಯಂಗಿಲ್ಲ, ನನ್ನ ಮುಂದ ಹೇಳಂಗಿಲ್ಲ. ನನಗ ಅಂಜತಾನ" ಎಂದರು. ಆ ದನಿಯಲ್ಲಿ ಸಿಟ್ಟು ಇರಲಿಲ್ಲ. ಆಮೇಲೆ ಅವ್ವನ ಕಡೆ ನೋಡಿ, "ನಿಮ್ಮ ಮಗಳು ನಮ್ಮ ಮನಿಗೆ ಬರ್ಲಿ. ಇವಗ ಇದ್ದದ್ದ ಇದ್ದಂಗ ಹೇಳೋರು ಒಬ್ಬರು ಬೇಕು" ಎಂದರು.

ನಮ್ಮವರ ಮುಖಗಳಿಗೆ ಕಳೆ ಬಂತು. ಮಾಮಾ ಆಗಲೇ "ಹಂಗಾದ್ರ ಶುಭಸ್ಯ ಶೀಘ್ರಂ" ಎಂದು ಕೈ ಉಜ್ಜಿಕೊಂಡ. ಅಪ್ಪ ವರನ ತಂದೆಯ ತೋಳು ಹಿಡಿದುಕೊಂಡರು. ಅವ್ವ ಅಳುತ್ತ ನಗುತ್ತಿದ್ದಳು. ವರ ತಲೆ ಎತ್ತಿ ನನ್ನ ಕಡೆ ನೋಡಿದರು. ಆ ನೋಟದಲ್ಲಿ ನಾಚಿಕೆ ಇತ್ತು, ಬಿಡುಗಡೆಯೂ ಇತ್ತು, ನನ್ನನ್ನು ಕಂಡು ಸಂತೋಷವೂ ಇತ್ತು. ಕೆಟ್ಟ ಮನುಷ್ಯ ಅಲ್ಲ. ಅದು ನನಗೆ ಆಗಲೂ ಗೊತ್ತಿತ್ತು.

"ನನಗ ಬ್ಯಾಡ್ರಿ" ಎಂದೆ.

ಅವ್ವ ನನ್ನ ರಟ್ಟೆ ಹಿಡಿದು ಚಿವುಟಿದಳು. ವರನ ತಾಯಿ ಕೈ ಎತ್ತಿ ಅವಳನ್ನು ತಡೆದರು. "ಇರ್ರಿ, ಹೇಳ್ಲಿ. ಯಾಕವಾ?"

"ಹಸಿವಿ ಆತು, ತಿಂದ್ರು. ಅದಕ್ಕ ನಾ ಏನೂ ಅನ್ನಂಗಿಲ್ರಿ. ನನ್ನ ಕೈಲೆ ತಿಂದು, ಇಲ್ಲಿಗೆ ಬಂದು, ನಮ್ಮ ಮನಿಗೆ ಆಚಾರ ಇಲ್ಲ ಅಂದ್ರು. ನಾಳೆ ನಿಮ್ಮ ಮನ್ಯಾಗ ನೀವು ಕೇಳಿದಾಗೆಲ್ಲ ಹಿಂಗ ಅಂತಾರ. ನಾ ದಿನಾ ಅವರ ಕೈ ನೋಡಕೋತ ನಿಂದ್ರಲೇನು?"

ವರನ ತಾಯಿ ಬೆಂಚಿನಿಂದ ಎದ್ದು, ನನ್ನ ತಲೆಯ ಮೇಲೆ ಒಂದು ಸಲ ಕೈಯಿಟ್ಟು, ಗೇಟಿನ ಕಡೆ ನಡೆದರು. ಗಂಡ ಅವರ ಹಿಂದೆ ಹೋದರು. ಮಗ ಒಂದು ಗಳಿಗೆ ನಿಂತಿದ್ದು, ಬೆರಳುಗಳನ್ನು ಧೋತರಕ್ಕೆ ಇನ್ನೊಮ್ಮೆ ಒರೆಸಿಕೊಂಡು ಅವರ ಹಿಂದೆ ಹೋದರು.

ಆಮೇಲೆ ಅಪ್ಪ, "ಇವತ್ತ ಉಣ್ಣಲಿಲ್ಲ ಅಂದ್ರ ನಾಳೆ ಹೆಂಗೂ ಇಲ್ಲ" ಎಂದು ಮಾಮಾನಿಂದ ಡಬ್ಬಿ ತರಿಸಿದರು. ನನ್ನ ಅಪ್ಪನಿಗೆ ಯಾವ ದುಃಖದಲ್ಲೂ ಹಸಿವು ಕೆಡುತ್ತಿರಲಿಲ್ಲ. ಅವರೂ ಮಾಮಾನೂ ತಿಂದರು. ಅವ್ವ ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು ಡಬ್ಬಿ ಮುಚ್ಚಿದಳು. ನಾನು ಬೇಡ ಎಂದೆ. ಯಾರೂ ಒತ್ತಾಯ ಮಾಡಲಿಲ್ಲ.

ಮಾನ್ವಿಯ ಬಸ್ಸಿನಲ್ಲಿ ಸೀಟು ಸಿಕ್ಕವು. ಅವ್ವ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಒಮ್ಮೆ ಮಾತ್ರ, ನನಗೋ ಕಿಟಕಿಗೋ ತಿಳಿಯದಂತೆ, "ಕೊಟ್ಟ ಹೆಣ್ಣು ಬ್ಯಾಡ ಅಂದವರನ್ನ ಕಂಡೀನಿ, ಒಪ್ಪಿದ ಗಂಡು ಬ್ಯಾಡ ಅಂದಾಕಿನ್ನ ಇವತ್ತ ಕಂಡೆ" ಎಂದಳು. ಕಂಡಕ್ಟರ್ ಟಿಕೆಟ್ ಕೊಡಲು ಬಂದಾಗ ಅಪ್ಪ ನಿದ್ದೆ ಹೋಗಿದ್ದರು.

ಮರುದಿನ ನಮ್ಮ ಏಕಾದಶಿ. ನಾನು ಶಾಲೆಗೆ ಹೋದೆ, ಪಾಠ ಮಾಡಿದೆ. ಮಧ್ಯಾಹ್ನ ಜೊತೆಯ ಶಿಕ್ಷಕಿಯೊಬ್ಬರು ಡಬ್ಬಿ ಬಿಚ್ಚಿ, "ಇವತ್ತ ನಿಮ್ಮದು ಉಪಾಸ ಅಲ್ಲೇನು?" ಎಂದರು. ಹೌದು ಎಂದೆ. ಮುಖ ಯಾಕೆ ಹೀಗಿದೆ ಎಂದು ಯಾರೂ ಕೇಳಲಿಲ್ಲ. ಉಪವಾಸದ ದಿನ ಮುಖ ಹಾಗೆಯೇ ಇರುತ್ತದೆ. ಮನೆಯಲ್ಲಿಯೂ ಸೌಕರ್ಯವಾಗಿತ್ತು. ಅಡುಗೆಮನೆಯ ಬಾಗಿಲು ಹಾಕಿತ್ತು. ನಾನು ದೇವರ ಮನೆಯ ಹೊರಗೆ ಗೋಡೆಗೆ ಒರಗಿ ಕುಳಿತು ಅತ್ತೆ. ನೋಡಿದವರು ಭಕ್ತಿ ಎಂದುಕೊಂಡಿದ್ದರೆ ನಾನು ಬೇಡ ಎನ್ನುತ್ತಿರಲಿಲ್ಲ.

ದ್ವಾದಶಿಯ ಬೆಳಿಗ್ಗೆ ಬೇಗ ಪಾರಣೆ, ಉಪವಾಸ ಬಿಡುವ ಊಟ. ಅವ್ವ ಮಡಿಯುಟ್ಟು ಅಗಸೆಸೊಪ್ಪಿನ ಪಲ್ಯ, ಹೆಸರುಬೇಳೆ ತೊವ್ವೆ, ಅನ್ನ ಮಾಡಿದ್ದಳು. ಅಪ್ಪನ ಪೂಜೆಯಾಗಿ, ತೀರ್ಥವಾಗಿ, ಊಟವೂ ಮುಗಿದು ಅವರು ಗುಡಿಗೆ ಹೋದರು. ನಾನು ಎಲೆಯ ಮುಂದೆ ಕುಳಿತು ಒಂದು ತುತ್ತು ಬಾಯಿಗಿಟ್ಟೆ. ಅದು ಇಳಿಯಲಿಲ್ಲ. ನೀರು ಕುಡಿದು ನೋಡಿದೆ. ಅನ್ನವನ್ನು ಈ ಕಡೆಯಿಂದ ಆ ಕಡೆಗೆ ತಳ್ಳುತ್ತ ಕುಳಿತೆ. ತೋಟದಿಂದ ಬಂದಾಗಿನಿಂದ ಅವ್ವ ನನ್ನ ಜೊತೆ ಮಾತು ಬಿಟ್ಟಿದ್ದಳು. ಬಡಿಸಲು ಬಂದವಳು ಸೌಟು ಹಿಡಿದುಕೊಂಡೇ ನನ್ನ ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತಳು.

"ನಿನಗ ಅಂವ ಬೇಕಾಗಿದ್ದನೇನು?"

ಸುಳ್ಳು ಹೇಳಲು ನನಗೆ ಶಕ್ತಿ ಇರಲಿಲ್ಲ. "ಹೂಂ" ಎಂದೆ.

"ಬ್ಯಾಡ ಅನ್ನೂ ಮುಂದನೂ?"

"ಹೂಂ."

ಅವ್ವ ಇನ್ನೊಂದು ಸೌಟು ತೊವ್ವೆ ಹಾಕಿದಳು, ಮೇಲೆ ತುಪ್ಪ ಬಿಟ್ಟಳು. ಆಮೇಲೆ ಸೌಟು ಕೆಳಗಿಟ್ಟು, ನನ್ನ ಎಂಜಲೆಲೆಗೆ ಕೈ ಹಾಕಿ ಅನ್ನ ಕಲಸತೊಡಗಿದಳು. ಎಂಜಲು ಮುಟ್ಟಿದರೆ ಮಡಿ ಹೋಗುತ್ತದೆ. ಮತ್ತೆ ತಲೆಗೆ ಸ್ನಾನ ಮಾಡಬೇಕು, ಅಲ್ಲಿಯವರೆಗೆ ಮಾಡಿಟ್ಟ ಅಡುಗೆ ಮುಟ್ಟುವಂತಿಲ್ಲ. ಅವಳದಿನ್ನೂ ಪಾರಣೆ ಆಗಿರಲಿಲ್ಲ, ಎರಡು ದಿನದ ಹಸಿವು ಅವಳಿಗೂ ಇತ್ತು.

"ಅವ್ವಾ, ಎಂಜಲ" ಎಂದೆ.

"ಗೊತ್ತದ. ಬಾಯಿ ತಗಿ" ಎಂದು ತುತ್ತು ಕಟ್ಟಿ ನನ್ನ ಬಾಯಿಗೆ ಹಿಡಿದಳು.